ಒಂದು ಮತದ ತೂಕ

ಕರ್ನಾಟಕದ ದಕ್ಷಿಣದ ಅಂಚಿನಲ್ಲಿ ಮೂರು ಊರುಗಳಿವೆ. ಬಿಳಿಗಿರಿರಂಗನ ಬೆಟ್ಟದ ಮಗ್ಗುಲಲ್ಲಿ, ಸುವರ್ಣಾವತಿ ಹೊಳೆಯ ಬಯಲಿನಲ್ಲಿ ಯಳಂದೂರು. ರೇಷ್ಮೆಯ ನೇಯ್ಗೆಗೆ ಹೆಸರಾದ ಕೊಳ್ಳೇಗಾಲ. ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆಯುವ ಪರಸೆಯವರ ದಾರಿಯಲ್ಲಿ ಹನೂರು. ಈ ಮೂರು ಊರುಗಳ ಜನರ ಭಾಷೆ ಒಂದೇ, ದೇವರು ಒಂದೇ, ಸಂತೆ ಜಾತ್ರೆಗಳೂ ಒಂದೇ. ಆದರೆ ತಮ್ಮನ್ನು ಆಳುವವರನ್ನು ಆರಿಸುವ ಕಾರ್ಯದಲ್ಲಿ ಇವರು ಎಲ್ಲ ಕಾಲದಲ್ಲೂ ಒಂದೇ ಕಡೆ ನಿಂತವರಲ್ಲ. ಇವರ ಕಥೆಯನ್ನು ತಿಳಿದರೆ ಪ್ರಜಾಪ್ರಭುತ್ವದಲ್ಲಿ ಕ್ಷೇತ್ರವೆಂದರೇನು, ಮತವೆಂದರೇನು ಎಂಬುದು ತಾನಾಗಿಯೇ ತಿಳಿಯುತ್ತದೆ.

ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಸೀಮೆ. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತಿದ್ದ ನಾಡು ಇದು. ಕೊಳ್ಳೇಗಾಲವಾದರೋ ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನ ಒಂದು ಭಾಗ. ಯಳಂದೂರಿಗೂ ಕೊಳ್ಳೇಗಾಲಕ್ಕೂ ಇಪ್ಪತ್ತು ಕಿಲೋಮೀಟರಿನಷ್ಟೂ ದೂರವಿಲ್ಲ. ಆದರೂ ಸ್ವತಂತ್ರ ಭಾರತದ ಮೊದಲ ಮಹಾ ಚುನಾವಣೆ 1952ರಲ್ಲಿ ಮುಗಿದಾಗ, ಯಳಂದೂರಿನವರು ಆರಿಸಿದ ಪ್ರತಿನಿಧಿ 99 ಸ್ಥಾನಗಳ ಮೈಸೂರು ವಿಧಾನಸಭೆಗೆ ಹೋದರೆ, ಕೊಳ್ಳೇಗಾಲದವರು ಆರಿಸಿದವರು 375 ಸ್ಥಾನಗಳ ಮದರಾಸು ವಿಧಾನಸಭೆಗೆ ಹೋಗಬೇಕಾಯಿತು. ನೆರೆಹೊರೆಯವರ ಅಹವಾಲುಗಳು ಎರಡು ದೂರದ ರಾಜಧಾನಿಗಳಲ್ಲಿ, ಎರಡು ಬೇರೆ ಸಭೆಗಳಲ್ಲಿ ಕೇಳಿಬಂದವು.

ಆ ಚುನಾವಣೆಗೆ ಒಂದು ವಿಶೇಷವಿತ್ತು. ಮೈಸೂರಿನಲ್ಲಿ 1881ರಷ್ಟು ಹಿಂದೆಯೇ ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾಗಿದ್ದರೂ, ಮುಂದೆ ಅದಕ್ಕೆ ಚುನಾವಣೆಗಳು ನಡೆದಾಗ ಆಸ್ತಿ, ಕಂದಾಯ, ವಿದ್ಯೆ ಮುಂತಾದ ಅರ್ಹತೆಗಳುಳ್ಳ ಕೆಲವರಿಗೆ ಮಾತ್ರ ಮತದ ಹಕ್ಕು ಇತ್ತು. ಸಂವಿಧಾನದ 326ನೆಯ ವಿಧಿಯು ಆ ಗೋಡೆಯನ್ನು ಕೆಡವಿತು. ಜಮೀನ್ದಾರನಿಗೂ ಕೂಲಿಯಾಳಿಗೂ, ಪಂಡಿತನಿಗೂ ಅಕ್ಷರ ಅರಿಯದವನಿಗೂ, ಗಂಡಸಿಗೂ ಹೆಂಗಸಿಗೂ ಒಂದೊಂದೇ ಮತ. ಓದಲು ಬಾರದವರಿಗಾಗಿ ಪ್ರತಿಯೊಬ್ಬ ಅಭ್ಯರ್ಥಿಗೂ ಒಂದೊಂದು ಚಿಹ್ನೆ ಕೊಟ್ಟು, ಆ ಚಿಹ್ನೆಯನ್ನು ಅಂಟಿಸಿದ ಪ್ರತ್ಯೇಕ ಪೆಟ್ಟಿಗೆಗಳನ್ನು ಇಡಲಾಗಿತ್ತು. ಮತದಾರನು ತನಗೆ ಒಪ್ಪಿದ ಪೆಟ್ಟಿಗೆಯಲ್ಲಿ ಮತಪತ್ರವನ್ನು ಹಾಕಿ ಬಂದರೆ ಆಯಿತು.

1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳ ರಚನೆಯಾಯಿತು. ಕೊಳ್ಳೇಗಾಲ ತಾಲ್ಲೂಕು ಕನ್ನಡನಾಡನ್ನು ಕೂಡಿಕೊಂಡು ಮೈಸೂರು ಜಿಲ್ಲೆಗೆ ಸೇರಿತು. ಮರುವರ್ಷ ನಡೆದ ಚುನಾವಣೆಯಲ್ಲಿ ಮೂರೂ ಊರುಗಳ ಜನರು ಮೊದಲ ಬಾರಿಗೆ ಒಂದೇ ವಿಧಾನಸಭೆಗೆ ಮತ ನೀಡಿದರು. ಆಗ ಆ ಸಭೆಯಲ್ಲಿ 208 ಸ್ಥಾನಗಳಿದ್ದವು. 1967ರಲ್ಲಿ ಅವು 216 ಆದವು. 1978ರಿಂದ ಇಂದಿನವರೆಗೆ 224 ಆಗಿವೆ. 1997ರಲ್ಲಿ ಚಾಮರಾಜನಗರ ಹೊಸ ಜಿಲ್ಲೆಯಾದಾಗ ಈ ಸೀಮೆಯೆಲ್ಲ ಅದರೊಳಗೆ ಬಂತು. ಹನೂರು ಈಗ ಪ್ರತ್ಯೇಕ ತಾಲ್ಲೂಕಾಗಿದೆ.

ರಾಜ್ಯವನ್ನು ಹೀಗೆ ಕ್ಷೇತ್ರಗಳಾಗಿ ಹಂಚುವುದೇಕೆ? ರಾಜ್ಯದ ಜನರೆಲ್ಲರೂ ಒಂದೆಡೆ ಸೇರಿ ಕಾನೂನು ಮಾಡಲಾಗದು. ಆದುದರಿಂದ ನಾಡನ್ನು ಭಾಗಗಳಾಗಿ ವಿಂಗಡಿಸಿ, ಭಾಗಕ್ಕೊಬ್ಬರಂತೆ ಪ್ರತಿನಿಧಿಯನ್ನು ಕಳುಹಿಸುತ್ತಾರೆ. ಒಂದು ಕ್ಷೇತ್ರದಲ್ಲಿ ಹತ್ತು ಸಾವಿರ ಜನ, ಇನ್ನೊಂದರಲ್ಲಿ ಲಕ್ಷ ಜನವಿದ್ದರೆ ಮೊದಲನೆಯವರ ಮತಕ್ಕೆ ಹತ್ತುಪಟ್ಟು ಬೆಲೆ ಬಂದಂತಾಗುತ್ತದೆ. ಈ ಅಸಮಾನತೆ ಬಾರದಂತೆ ಜನಗಣತಿಯನ್ನು ನೋಡಿ ಗಡಿಗಳನ್ನು ಆಗಾಗ ತಿದ್ದುವ ಕಾರ್ಯಕ್ಕೆ ಕ್ಷೇತ್ರ ಪುನರ್ವಿಂಗಡಣೆ ಎಂದು ಹೆಸರು. 2001ರ ಜನಗಣತಿಯ ಆಧಾರದ ಮೇಲೆ ನಡೆದ ಪುನರ್ವಿಂಗಡಣೆಯು 2008ರ ಚುನಾವಣೆಯಲ್ಲಿ ಜಾರಿಗೆ ಬಂದಿತು. ಅದರಿಂದ ಯಳಂದೂರು ತಾಲ್ಲೂಕನ್ನು ಒಳಗೊಂಡಿದ್ದ ಸಂತೇಮರಹಳ್ಳಿ ಕ್ಷೇತ್ರವು ಇಲ್ಲವಾಯಿತು. ಯಳಂದೂರು ಕೊಳ್ಳೇಗಾಲ ಕ್ಷೇತ್ರವನ್ನು ಸೇರಿತು. 1952ರಲ್ಲಿ ಬೇರೆ ಬೇರೆ ರಾಜ್ಯಗಳ ಸಭೆಗಳಿಗೆ ಮತ ಹಾಕಿದ ಎರಡು ಊರುಗಳ ಮೊಮ್ಮಕ್ಕಳು ಇಂದು ಒಬ್ಬನೇ ಶಾಸಕನನ್ನು ಆರಿಸುತ್ತಾರೆ. ಹನೂರು ಬೇರೆಯೇ ಒಂದು ಕ್ಷೇತ್ರ.

ಕೊಳ್ಳೇಗಾಲವು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಹನೂರು ಸಾಮಾನ್ಯ ಕ್ಷೇತ್ರ. ಮೀಸಲು ಕ್ಷೇತ್ರವೆಂದರೆ ಅಲ್ಲಿ ಆ ವರ್ಗದವರು ಮಾತ್ರ ಮತ ಹಾಕುತ್ತಾರೆಂದು ಕೆಲವರು ತಪ್ಪಾಗಿ ಭಾವಿಸುವುದುಂಟು. ಅದು ಹಾಗಲ್ಲ. ಸ್ಪರ್ಧಿಸುವವರು ಮಾತ್ರ ಪರಿಶಿಷ್ಟ ಜಾತಿಯವರಾಗಿರಬೇಕು. ಮತ ನೀಡುವವರು ಎಲ್ಲ ಜಾತಿ ಮತಗಳ ಜನರು. ಬಹುಕಾಲ ಸಭೆಯ ಹೊರಗೆ ನಿಲ್ಲಿಸಲ್ಪಟ್ಟವರಿಗೆ ಒಳಗೆ ಸ್ಥಾನ ಖಚಿತವಾಗಿರಲಿ ಎಂಬುದೇ ಇದರ ಉದ್ದೇಶ.

ಇಲ್ಲವಾದ ಆ ಸಂತೇಮರಹಳ್ಳಿ ಕ್ಷೇತ್ರವು ತನ್ನ ಕೊನೆಯ ಮಹಾ ಚುನಾವಣೆಯಲ್ಲಿ ನಾಡಿಗೆಲ್ಲ ಒಂದು ಪಾಠವನ್ನು ಕಲಿಸಿತು. 2004ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಮತ್ತು ಜನತಾದಳ (ಜಾತ್ಯತೀತ) ಪಕ್ಷದ ಎ. ಆರ್. ಕೃಷ್ಣಮೂರ್ತಿ ಎದುರಾಳಿಗಳಾಗಿದ್ದರು. ಎಣಿಕೆ ಮುಗಿದಾಗ ಒಬ್ಬರಿಗೆ 40,752 ಮತಗಳು, ಇನ್ನೊಬ್ಬರಿಗೆ 40,751. ಧ್ರುವನಾರಾಯಣ ಅವರು ಒಂದೇ ಒಂದು ಮತದಿಂದ ಗೆದ್ದರು. ಸೋತವರ ಕಾರಿನ ಚಾಲಕನಿಗೇ ಅಂದು ಮತ ಹಾಕಲು ಬಿಡುವು ದೊರೆಯಲಿಲ್ಲವೆಂಬ ಮಾತು ಇಂದಿಗೂ ಜನರ ಬಾಯಲ್ಲಿದೆ.

ಇಲ್ಲಿ ವಿದ್ಯಾರ್ಥಿಗಳು ಕೊಂಚ ಲೆಕ್ಕ ಹಾಕಿ ನೋಡಬೇಕು. ಮನೆಯಲ್ಲಿಯೇ ಉಳಿದವರಲ್ಲಿ ಒಬ್ಬನು ಬಂದು ಸೋತವರಿಗೆ ಮತ ಹಾಕಿದ್ದರೆ ಇಬ್ಬರ ಮತಗಳೂ ಸಮವಾಗುತ್ತಿದ್ದವು. ಹಾಗಾದಾಗ ಚೀಟಿ ಎತ್ತಿ ತೀರ್ಮಾನಿಸಬೇಕೆಂದು ಪ್ರಜಾಪ್ರಾತಿನಿಧ್ಯ ಕಾಯಿದೆ ಹೇಳುತ್ತದೆ. ಇಬ್ಬರು ಬಂದಿದ್ದರೆ ಫಲಿತಾಂಶವೇ ತಿರುಗಿಬೀಳುತ್ತಿತ್ತು. ಗೆಲುವು ತಂದ ಆ ಒಂದು ಮತ ಯಾರದು? ಮತದಾನವು ಗುಟ್ಟಿನದಾದುದರಿಂದ ಅದನ್ನು ಯಾರೂ ಬಲ್ಲವರಲ್ಲ. ಗೆದ್ದವರಿಗೆ ಮತ ನೀಡಿದ 40,752 ಜನರಲ್ಲಿ ಪ್ರತಿಯೊಬ್ಬರೂ ಅದು ತಮ್ಮದೇ ಎನ್ನಬಹುದು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯಲ್ಲಿ ಹಳ್ಳ ತುಂಬಿಸಿದ ಹನಿ ಯಾವುದೆಂದು ಕೇಳಿದರೆ ಯಾರು ಹೇಳಿಯಾರು?

ರಾಜಸ್ಥಾನದ ನಾಥದ್ವಾರ ಕ್ಷೇತ್ರದಲ್ಲಿಯೂ 2008ರಲ್ಲಿ ಸಿ. ಪಿ. ಜೋಶಿಯವರು ಒಂದೇ ಮತದಿಂದ ಸೋತರು. ಆದರೆ ಇಂತಹವು ಅಪರೂಪ. ಅದೇ ಎ. ಆರ್. ಕೃಷ್ಣಮೂರ್ತಿಯವರು 2023ರಲ್ಲಿ ಕಾಂಗ್ರೆಸ್ ಪಕ್ಷದಿಂದ ಕೊಳ್ಳೇಗಾಲದಲ್ಲಿ ನಿಂತು 59 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಆರಿಸಿಬಂದರು. ಹಾಗಾದರೆ ಈ ಚುನಾವಣೆಯಲ್ಲಿ ಒಬ್ಬ ಮತದಾರನ ಮತಕ್ಕೆ ತೂಕ ಕಡಿಮೆಯಾಯಿತೇ? ಇಲ್ಲ. ಅಂತರವು ಎಷ್ಟಾಗುವುದೆಂದು ಮತ ಹಾಕುವ ದಿನ ಯಾರಿಗೂ ತಿಳಿಯದು. ‘ನನ್ನದೊಂದು ಮತದಿಂದ ಆಗುವುದೇನು?’ ಎಂದು ಎಲ್ಲರೂ ಮನೆಯಲ್ಲಿ ಕುಳಿತರೆ ಚುನಾವಣೆಯೇ ಇರದು. ಸೋತವರಿಗೆ ಬಿದ್ದ ಮತವೂ ವ್ಯರ್ಥವಲ್ಲ. ತನಗೆ ಒಪ್ಪದವರು ಕ್ಷೇತ್ರದಲ್ಲಿ ಎಷ್ಟು ಮಂದಿ ಇದ್ದಾರೆಂಬುದನ್ನು ಅದು ಗೆದ್ದವನಿಗೆ ನೆನಪಿಸುತ್ತದೆ.

ಮತದ ಬೆಲೆಯನ್ನು ಹನೂರಿನ ಕಾಡಿನ ಹಳ್ಳಿಗಳು ಮತ್ತೊಂದು ಬಗೆಯಲ್ಲಿ ತೋರಿಸಿವೆ. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳಿಗೆ ಮತಯಂತ್ರವನ್ನು ಒಯ್ಯುವುದು ಸುಲಭದ ಕೆಲಸವಲ್ಲ. 2024ರ ಏಪ್ರಿಲ್ 26ರಂದು, ಲೋಕಸಭಾ ಚುನಾವಣೆಯ ದಿನ, ಅಲ್ಲಿನ ಇಂಡಿಗನತ್ತ ಗ್ರಾಮದಲ್ಲಿ ರಸ್ತೆ ಮೊದಲಾದ ಸೌಕರ್ಯಗಳಿಲ್ಲವೆಂದು ಜನರು ಮತದಾನವನ್ನು ಬಹಿಷ್ಕರಿಸಲು ಮುಂದಾದರು. ಮಾತು ಬೆಳೆದು ಗಲಭೆಯಾಗಿ ಮತಗಟ್ಟೆಯಲ್ಲಿದ್ದ ಯಂತ್ರವು ಹಾಳಾಯಿತು. ಏಪ್ರಿಲ್ 29ರಂದು ಅಲ್ಲಿ ಮರುಮತದಾನ ನಡೆಸಬೇಕಾಯಿತು. ಇಲ್ಲಿ ಎರಡು ಮಾತುಗಳನ್ನು ಒಟ್ಟಿಗೆ ಅರಿಯಬೇಕು. ರಸ್ತೆಯಿಲ್ಲದವರ ಸಂಕಟ ನಿಜವಾದುದು; ಮತ ಕೇಳಲು ಬರುವವರು ಆ ಸಂಕಟವನ್ನು ಮರೆಯತಕ್ಕದ್ದಲ್ಲ. ಆದರೆ ಯಂತ್ರವನ್ನು ಒಡೆದಾಗ ಒಡೆದುಹೋದದ್ದು ಮತ ಹಾಕಲು ಬಂದಿದ್ದ ನೆರೆಯವರ ಧ್ವನಿ. ಯಾರೂ ಒಪ್ಪಿಗೆಯಾಗದಿದ್ದರೆ ಹಾಗೆಂದು ತಿಳಿಸುವ ಗುಂಡಿಯೊಂದು 2013ರಿಂದ ಯಂತ್ರದಲ್ಲಿಯೇ ಇದೆ.

ಮತ ಹಾಕಿದವರ ಎಡಗೈ ತೋರುಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯೂ ಈ ಸೀಮೆಗೆ ಹತ್ತಿರದ್ದೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗಿನ ಕಾರ್ಖಾನೆಯಾಗಿ ಆರಂಭವಾದ ಮೈಸೂರಿನ ಸಂಸ್ಥೆಯು 1962ರ ಚುನಾವಣೆಯಿಂದ ಈ ಶಾಯಿಯನ್ನು ದೇಶಕ್ಕೆಲ್ಲ ಒದಗಿಸುತ್ತಿದೆ. ಒಬ್ಬನಿಗೆ ಒಂದೇ ಮತ ಎಂಬ ನಿಯಮವನ್ನು ಆ ಚಿಕ್ಕ ಗುರುತು ಕಾಯುತ್ತದೆ.

ಸಂವಿಧಾನದ 61ನೆಯ ತಿದ್ದುಪಡಿಯಿಂದ, 1989ರಿಂದ, ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿದೆ. ಇಂದು ಒಂಬತ್ತನೆಯ ತರಗತಿಯಲ್ಲಿರುವ ಬಾಲಕ ಬಾಲಕಿಯರು ಮೂರು ನಾಲ್ಕು ವರ್ಷಗಳಲ್ಲಿಯೇ ಮತದಾರರಾಗುತ್ತಾರೆ. ಹದಿನೇಳು ತುಂಬಿದೊಡನೆ ಹೆಸರು ಸೇರಿಸಲು ಮುಂಗಡವಾಗಿ ಅರ್ಜಿ ಕೊಡುವುದಕ್ಕೂ ಅವಕಾಶವಿದೆ. ಅಲ್ಲಿಯವರೆಗೆ ಅವರು ಮಾಡಬೇಕಾದ ಕೆಲಸವೊಂದುಂಟು: ತಮ್ಮ ಊರು ಯಾವ ಕ್ಷೇತ್ರದಲ್ಲಿದೆ, ತಮ್ಮ ಶಾಸಕರು ಯಾರು, ಅವರು ಕೊಟ್ಟ ಮಾತೇನು, ನಡೆಸಿದ್ದೇನು ಎಂದು ತಿಳಿದುಕೊಳ್ಳುವುದು. ಹಣಕ್ಕೆ ಮಾರಿದ ಮತ, ಹೆದರಿ ಹಾಕಿದ ಮತ, ಜಾತಿಯ ಹೆಸರು ಕೇಳಿ ಕಣ್ಣುಮುಚ್ಚಿ ಹಾಕಿದ ಮತ, ಇವೂ ಎಣಿಕೆಯಲ್ಲಿ ಒಂದೇ ಆಗುತ್ತವೆ. ಆದರೆ ವಿಚಾರಮಾಡಿ ಹಾಕಿದ ಮತವೊಂದೇ ಹಾಕಿದವನಿಗೆ ಪ್ರಶ್ನೆ ಕೇಳುವ ಧೈರ್ಯವನ್ನೂ ಕೊಡುತ್ತದೆ. ಸಂತೇಮರಹಳ್ಳಿಯ ಕ್ಷೇತ್ರವು ನಕ್ಷೆಯಿಂದ ಅಳಿಸಿಹೋಗಿದೆ. ಅದು ಕಲಿಸಿದ ಒಂದು ಮತದ ಪಾಠ ಉಳಿದಿದೆ.