ಬೆರಳಿಗೂ ಕಿವಿಗೂ ಕನ್ನಡ ಪುಸ್ತಕ ತಲುಪಿದ ದಾರಿ

ಮೈಸೂರಿನಲ್ಲಿ ಅಂಧ ಹಾಗೂ ಕಿವುಡ ಮಕ್ಕಳ ಶಾಲೆ 1901ರಲ್ಲೇ ಶುರುವಾಯಿತು. ಆದರೆ ಭಾರತೀಯ ಭಾಷೆಗಳಿಗೆ ಸಮಾನ ತಳಹದಿಯಾದ, ಬೆರಳಿನಿಂದ ಮುಟ್ಟಿ ಓದುವ ಭಾರತಿ ಬ್ರೈಲ್ ಲಿಪಿ ರೂಪುಗೊಂಡದ್ದು 1951ರಲ್ಲಿ. ಆರು ಚುಕ್ಕಿಗಳ 63 ಜೋಡಣೆಗಳಲ್ಲಿ ಕನ್ನಡ ವರ್ಣಮಾಲೆ ಅಡಕವಾಯಿತು. ಅಚ್ಚಿನಲ್ಲಿ ಕೆಳಗಿಳಿಯುವ ಒತ್ತಕ್ಷರ ಇಲ್ಲಿ ಸಾಲಿನಲ್ಲೇ ನಿಲ್ಲುತ್ತದೆ: ‘ಕ್ತ’ ಎಂದರೆ ಮೊದಲು ಹಲಂತದ ಚುಕ್ಕಿ, ಆಮೇಲೆ ಕ, ಆಮೇಲೆ ತ. ಲಿಪಿಯೇನೋ ಸಿಕ್ಕಿತು, ಓದಲು ಪುಸ್ತಕಗಳು ಸಾಲಲಿಲ್ಲ. ಪ್ರತಿ ಪುಟವನ್ನೂ ಯಾರಾದರೂ ಕೂತು ಬ್ರೈಲ್‌ಗೆ ಇಳಿಸಬೇಕಿತ್ತು, ಇಲ್ಲವೇ ಓದಿ ಹೇಳಬೇಕಿತ್ತು.

ಕಂಪ್ಯೂಟರ್ ಬಂದ ಮೇಲೆ ದಾರಿ ತೆರೆಯಿತು. ಪರದೆಯ ಬರಹವನ್ನು ಓದಿ ಹೇಳುವ ಉಚಿತ ತಂತ್ರಾಂಶ ಎನ್‌ವಿಡಿಎಯನ್ನು ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದರು, ಅವರೂ ಅಂಧರೇ. ಅದರ ಜೊತೆಗೇ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಆದರೆ ಸ್ಕ್ಯಾನ್ ಮಾಡಿದ ಪುಟ ಈ ತಂತ್ರಾಂಶಕ್ಕೆ ಬರೀ ಚಿತ್ರ. ಚಿತ್ರದೊಳಗಿನ ಅಕ್ಷರವನ್ನು ಗುರುತಿಸಿಕೊಡುವ ಒಸಿಆರ್ ಬೇಕು.

ಕನ್ನಡಕ್ಕೆ ಅದನ್ನು ಕಟ್ಟುವುದು ಸುಲಭವಿರಲಿಲ್ಲ. ಒಂದು ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಸೀಳು, ಮಾಸಿದ ಅಚ್ಚಿನಲ್ಲಿ ಅದೂ ಕಾಣದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ಈ ತೊಡಕುಗಳನ್ನು ಒಂದೊಂದಾಗಿ ಬಿಡಿಸಿ ‘ಲಿಪಿ ಜ್ಞಾನಿ’ಯನ್ನು ರೂಪಿಸಿತು. 1970ರಿಂದ 2002ರವರೆಗೆ ಅಚ್ಚಾದ 35ಕ್ಕೂ ಹೆಚ್ಚು ಪುಸ್ತಕಗಳ ಪುಟಗಳು ಅದರ ಪಾಠಶಾಲೆ. ಅವುಗಳಲ್ಲಿ ಹಳಗನ್ನಡವೂ ಇತ್ತು. ಕನ್ನಡ ಪದಗಳನ್ನು ಗುರುತಿಸುವುದರಲ್ಲಿ ಅದು ಗೂಗಲ್‌ನ ಒಸಿಆರ್‌ಗಿಂತ ಶೇ 4ರಷ್ಟು ಮುಂದಿತ್ತೆಂದು ತಂಡ 2019ರಲ್ಲಿ ವರದಿ ಮಾಡಿತು. ಹೀಗೆ ದೊರೆತ ಪಠ್ಯವನ್ನು ಬ್ರೈಲ್‌ನಲ್ಲಿ ಮುದ್ರಿಸಬಹುದು, ಅದೇ ಪ್ರಯೋಗಾಲಯದ ‘ಮಧುರ ವಾಚಕ’ದಿಂದ ಓದಿಸಿ ಕೇಳಲೂಬಹುದು.

ಈ ಕೆಲಸ ಗಡಿಯಾಚೆಗೂ ಹೋಯಿತು. ಅದೇ ಪ್ರಯೋಗಾಲಯ ರೂಪಿಸಿದ ತಮಿಳು ಒಸಿಆರ್ ಬಳಸಿ ಚೆನ್ನೈನ ವರ್ತ್ ಟ್ರಸ್ಟ್ ಶಾಲಾ ಪುಸ್ತಕಗಳನ್ನು ಬ್ರೈಲ್‌ಗೆ ತಂದಿತು. ತಮಿಳುನಾಡಿನಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬೆಳೆಯುವ ಮಗುವಿಗೆ ಎರಡೂ ನುಡಿಗಳ ಓದು ದಕ್ಕಬೇಕಾದರೆ ಇಂಥ ಜೋಡಿ ಸಾಧನಗಳೇ ಬೇಕು.

ಕಾನೂನೂ ಜೊತೆಗೂಡಿತು. 2012ರ ಹಕ್ಕುಸ್ವಾಮ್ಯ ತಿದ್ದುಪಡಿ, ಅಂಗವಿಕಲರಿಗಾಗಿ ಪುಸ್ತಕಗಳ ರೂಪಾಂತರಕ್ಕೆ ಅವಕಾಶ ಕೊಟ್ಟಿತು. ಅಂಧರಿಗೆ ಓದಲಾಗುವ ರೂಪದಲ್ಲಿ ಪುಸ್ತಕ ಒದಗಿಸಲು ಅನುವು ಮಾಡುವ ಅಂತರರಾಷ್ಟ್ರೀಯ ಮರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. 2016ರಲ್ಲಿ ಇಂಥ ಪುಸ್ತಕಗಳ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯ ತೆರೆಯಿತು.

ಹಳೆಯ ಪುಸ್ತಕಗಳಿಗೆ ಒಸಿಆರ್ ಅನಿವಾರ್ಯ. ಹೊಸ ಪುಸ್ತಕಕ್ಕೆ ಈ ಸುತ್ತುಬಳಸು ಯಾಕೆ? ಕಂಪ್ಯೂಟರಿನಲ್ಲೇ ಅಕ್ಷರ ಜೋಡಿಸಿದ ಪುಸ್ತಕವನ್ನು ಅಚ್ಚು ಹಾಕಿ, ಸ್ಕ್ಯಾನ್ ಮಾಡಿ, ಮತ್ತೆ ಅಕ್ಷರ ಹುಡುಕುವುದು ವ್ಯರ್ಥ ಶ್ರಮ. ಆದರೆ ಮೂಲ ಕಡತವಷ್ಟೇ ಸಾಲದು: ಎಲ್ಲ ಕಂಪ್ಯೂಟರ್‌ಗಳಿಗೂ ಸಮಾನವಾದ ಅಕ್ಷರ ಸಂಕೇತವಾದ ಯುನಿಕೋಡ್ ಬಳಸದ ಹಳೆಯ ಫಾಂಟ್‌ಗಳಲ್ಲಿ ಜೋಡಿಸಿದ ಪುಟವನ್ನು ಪರದೆ ಓದುವ ತಂತ್ರಾಂಶ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಒದರುತ್ತದೆ. ಪಠ್ಯಪುಸ್ತಕ ತರುವವರೂ ಪ್ರಕಾಶಕರೂ ಯುನಿಕೋಡ್ ಪ್ರತಿಯನ್ನು ಮೊದಲ ದಿನವೇ ಕೊಡಬೇಕು. ಹಾಗಾದರೆ ಶಾಲೆ ತೆರೆದ ದಿನ ತರಗತಿಯ ಎಲ್ಲ ಮಕ್ಕಳಿಗೂ ಪುಸ್ತಕ ಒಟ್ಟಿಗೇ ಸಿಗುತ್ತದೆ.