ಕಕ್ಕುವ ಕೂಸಿಗೆ ಬಜೆ ಬೇಡ, ತಕ್ಕಡಿ ಬೇಕು

ಆನವಟ್ಟಿ ಸುತ್ತಿನ ಹಳ್ಳಿಗಳಲ್ಲಿ ಕೂಸು ಕುಡಿದದ್ದನ್ನೆಲ್ಲ ಕಕ್ಕುತ್ತದೆ ಎಂದರೆ ತೀರ್ಪು ಸಿದ್ಧ: ದೃಷ್ಟಿಯಾಗಿದೆ, ಇಲ್ಲವೇ ತಾಯಿ ಹಾಲು ನಂಜಾಗಿದೆ. ಈಚೆಗೆ ಮೂರನೆಯದೂ ಸೇರಿದೆ, ‘ಕೂಸಿಗೆ ಆಸಿಡಿಟಿ’.

ಬಹುಪಾಲು ಕೂಸುಗಳಲ್ಲಿ ಈ ಮೂರೂ ಅಲ್ಲ. ಅನ್ನನಾಳ ಜಠರಕ್ಕೆ ಸೇರುವಲ್ಲಿನ ಸ್ನಾಯು ಎಳೆಗೂಸಿನಲ್ಲಿ ಆಗಾಗ ಸಡಿಲಾಗುತ್ತದೆ. ಉಣ್ಣುವುದು ಬರೀ ಹಾಲು, ಇರುವುದು ಮಲಗಿಕೊಂಡೇ; ಮೇಲೆ ಬರದೆ ಇನ್ನೇನು? 4 ತಿಂಗಳ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಮಕ್ಕಳು ದಿನಕ್ಕೊಮ್ಮೆಯಾದರೂ ಕಕ್ಕುತ್ತವೆ. 12ರಿಂದ 18 ತಿಂಗಳೊಳಗೆ ಹೆಚ್ಚಿನವರಲ್ಲಿ ತಾನಾಗಿ ನಿಲ್ಲುತ್ತದೆ. ಒಡೆದ ಹಾಲು ಬಂದರೆ ಜಠರದ ಆಮ್ಲ ತನ್ನ ಕೆಲಸ ಮಾಡಿದೆ ಎಂದಷ್ಟೇ ಅರ್ಥ. ನಂಜೆಂದು ಹೆದರಿ ಎದೆಹಾಲು ಬಿಡಿಸಿ ಡಬ್ಬಿ ಹಾಲಿಗೆ ತಿರುಗುವುದೇ ನಿಜವಾದ ನಷ್ಟ.

ಸುಟ್ಟ ಬಜೆಯನ್ನು ಸಾಣೆಕಲ್ಲಿನ ಮೇಲೆ ನಾಲ್ಕು ಸುತ್ತು ತೇಯ್ದು, ಜೇನು ಬೆರೆಸಿ, ಬೆರಳ ತುದಿಯಲ್ಲಿ ನೆಕ್ಕಿಸುವ ಅಜ್ಜಿಯ ಅಕ್ಕರೆಗೆ ಕೊರತೆಯಿಲ್ಲ. ಆದರೆ ನಾಲ್ಕು ಸುತ್ತಿಗೆ ಎಷ್ಟು ಇಳಿಯಿತೆಂದು ಅಳೆದವರಿಲ್ಲ. ಬಜೆಯಲ್ಲಿರುವ ಬೀಟಾ-ಅಸರೋನ್ ಎಂಬ ರಾಸಾಯನಿಕ ಅಪಾಯಕಾರಿ ಎಂದು ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ಜೇನಿನಲ್ಲಿ ಬಾಟುಲಿಸಂ ಎಂಬ ಕಾಯಿಲೆಯ ಬೀಜಾಣು ಇರಬಹುದು. ವರ್ಷ ತುಂಬುವವರೆಗೆ ಕೂಡದು. ಗ್ರೈಪ್ ವಾಟರ್ ಕಕ್ಕುವುದನ್ನು ನಿಲ್ಲಿಸುವುದಿಲ್ಲ. ದೊಡ್ಡವರ ಗ್ಯಾಸ್ಟ್ರಿಕ್ ಔಷಧಿಯ ಹನಿರೂಪವೂ ಅಷ್ಟೇ. ಮೇಲಾಗಿ ಸೋಂಕು ತಡೆಯುವ ಆಮ್ಲವನ್ನೇ ಅದು ಕುಗ್ಗಿಸುತ್ತದೆ.

ಬೋರಲು ಮಲಗಿಸಿದರೆ ಉಸಿರು ಕಟ್ಟದು ಎನ್ನುತ್ತಾರೆ. ಸತ್ಯ ಉಲ್ಟಾ: ಅಂಗಾತ ಮಲಗಿದಾಗ ಶ್ವಾಸನಾಳ ಅನ್ನನಾಳಕ್ಕಿಂತ ಮೇಲಿರುತ್ತದೆ, ಕಕ್ಕಿದ್ದು ಅದರೊಳಗೆ ಇಳಿಯುವುದು ಕಷ್ಟ. ಹಾಲು ಕುಡಿಸಿ ಹೆಗಲಿಗೆ ಹಾಕಿ, ತೇಗು ಬರಿಸಿ, ಸ್ವಲ್ಪ ಹೊತ್ತು ನೆಟ್ಟಗೆ ಎತ್ತಿಕೊಂಡಿದ್ದು ಆಮೇಲೆ ಅಂಗಾತ ಮಲಗಿಸಬೇಕು.

ಕಾಯಿಲೆಯೋ ಅಲ್ಲವೋ ಹೇಳುವುದು ತೂಕ. ಮೊದಲ 3 ತಿಂಗಳಲ್ಲಿ ದಿನಕ್ಕೆ ಸುಮಾರು 20-30 ಗ್ರಾಂ ಏರುತ್ತಿದ್ದು, 6 ಬಾರಿಯಾದರೂ ಉಚ್ಚೆ ಹೊಯ್ಯುತ್ತಿದ್ದರೆ ಬಟ್ಟೆ ಒಗೆಯುವ ಕೆಲಸ ಹೆಚ್ಚಾದೀತೇ ಹೊರತು ಬೇರೇನಿಲ್ಲ. ಹುಟ್ಟಿದ ಮೊದಲ 42 ದಿನಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೇ ಬರುತ್ತಾರೆ. ತಾಯಿ ಕಾರ್ಡ್ ಮುಂದಿಟ್ಟು ತೂಕ ಹಾಕಿಸಿ.

ತೂಕ ಏರದಿದ್ದರೆ, ಕುಡಿಯುವಾಗ ಬೆನ್ನು ಸೆಟೆದು ಚೀರಿ ಎದೆ ಬಿಟ್ಟರೆ ವೈದ್ಯರಿಗೆ ತೋರಿಸಬೇಕು. ಕಾಯಿಲೆ ಎನಿಸಿಕೊಳ್ಳುವ ರಿಫ್ಲಕ್ಸ್ (ಜಠರದಲ್ಲಿದ್ದದ್ದು ಮೇಲೆ ಬರುವುದು) ಇದ್ದೀತು. ವಾಂತಿ ಹಸಿರಾಗಿದ್ದರೆ, ರಕ್ತ ಕಂಡರೆ, ಹೊಟ್ಟೆ ಉಬ್ಬಿದರೆ, 2ರಿಂದ 8 ವಾರದ ಕೂಸು ಪ್ರತಿ ಸಲ ಪಿಚಕಾರಿಯಂತೆ ಕಾರಿದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.