ಕಲಶ ಯಾರದು, ವಾದ್ಯ ಯಾರದು?

ಕಮಲಾಪುರದಿಂದ ಕಂಪ್ಲಿ ರಸ್ತೆ ಹಿಡಿದರೆ ಗಾಣಗಿತ್ತಿ ಬಸದಿ ಸಿಗುತ್ತದೆ. ಹೆಸರು ಗಾಣಗಿತ್ತಿಯದಾದರೂ ಕಟ್ಟಿಸಿದವನು ವಿಜಯನಗರದ ಅರಸ ಎರಡನೇ ಹರಿಹರನ ದಂಡನಾಯಕ ಇರುಗಪ್ಪ ಎನ್ನುತ್ತದೆ ಎದುರಿನ ದೀಪಸ್ತಂಭದ 1385ರ ಶಾಸನ. ರಾಜಧಾನಿಯಲ್ಲಿ ಈ ಜಿನಾಲಯ ಏಳುವುದಕ್ಕೆ ಹದಿನೇಳು ವರ್ಷ ಮೊದಲು ಒಂದು ವ್ಯಾಜ್ಯ ತೀರಿತ್ತು.

1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಜೈನರು ಅರಸ ಬುಕ್ಕರಾಯನ ಬಳಿ ದೂರು ಒಯ್ದರು: ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆ. (ಹೊಸಪಟ್ಟಣವೆಂದರೆ ನಮ್ಮ ಹೊಸಪೇಟೆಯಲ್ಲ; ಕೃಷ್ಣದೇವರಾಯ ಕಟ್ಟಿಸಿದ ಆ ಊರು ಆಗಿನ್ನೂ ಹುಟ್ಟಿರಲಿಲ್ಲ.) ಆ ತೀರ್ಪಿನ ಶಾಸನ ಓದಿದರೆ ತಕರಾರು ತತ್ತ್ವದ್ದಲ್ಲ, ಪಂಚಮಹಾವಾದ್ಯ ಮತ್ತು ಕಲಶದ್ದು ಎನಿಸುತ್ತದೆ. ಅಂದರೆ ನಾಲ್ಕು ಜನರೆದುರು ಮೆರೆಯುವ ಬಿರುದುಗಳದ್ದು.

ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಬುಕ್ಕ ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿದ. ವಾದ್ಯ, ಕಲಶ ಮೊದಲಿನಂತೆಯೇ ಜೈನರಿಗೆ ಸಲ್ಲಬೇಕು ಎಂದ. ಬಸದಿಗಳಲ್ಲಿ ಈ ಶಾಸನ ನೆಡಿಸುವ ಹೊಣೆಯನ್ನು ಶ್ರೀವೈಷ್ಣವರಿಗೇ ಹೊರಿಸಿದ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ಅದು ಇಂದಿಗೂ ಇದೆ. ತಿರುಮಲೆಯ ತಾತಯ್ಯ ಜೈನರ ಮನೆಗೆ ವರ್ಷಕ್ಕೊಂದು ಹಣದಂತೆ ಎತ್ತಿ, ಬೆಳಗೊಳದ ದೇವರಿಗೆ 20 ಕಾವಲುಗಾರರನ್ನಿಟ್ಟು, ಮಿಕ್ಕಿದ್ದರಲ್ಲಿ ಜೀರ್ಣ ಬಸದಿಗಳಿಗೆ ಸುಣ್ಣ ಹೊಡೆಸಬೇಕಿತ್ತು. ಕಾವಲಿನ ಖರ್ಚು ದೂರು ಕೊಟ್ಟವರ ಮೇಲೇ ಬಿತ್ತು! ಬುಕ್ಕನ ಉದಾರತೆಯನ್ನು ಹೊಗಳುವವರು ಇದನ್ನು ಹಾರಿಸಿಬಿಡುತ್ತಾರೆ.

ನನಗೆ ಹಿಡಿಸುವುದು ಅರಸನು ಕೇಳದೆ ಬಿಟ್ಟ ಪ್ರಶ್ನೆ. ಜೈನಾಗಮದಲ್ಲಿ ಕಲಶ ಕಡ್ಡಾಯವೇ ಎಂದು ಶಾಸನ ವಿಚಾರಿಸುವುದಿಲ್ಲ. ಮೊದಲಿನ ಮರ್ಯಾದೆ ಇತ್ತು, ಇರಲಿ, ಅಷ್ಟೆ.

ನಮ್ಮ ಕಾಲದ ಕೋರ್ಟುಗಳು ಆ ಪ್ರಶ್ನೆಗೇ ಸಿಕ್ಕಿಕೊಂಡವು. ಸಂವಿಧಾನದ 25ನೇ ವಿಧಿ ಸಿಖ್ಖರ ಕಿರ್ಪಾಣವನ್ನು ಹೆಸರಿಟ್ಟೇ ಕಾಪಾಡಿತು. ಬೇರೆ ಯಾವ ಗುರುತಿಗೂ ಆ ಭಾಗ್ಯವಿಲ್ಲ. ಧರ್ಮದ ಅತ್ಯಗತ್ಯ ಭಾಗ ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ತತ್ತ್ವಗಳಿಂದಲೇ ತಿಳಿಯಬೇಕು ಎಂದು 1954ರಲ್ಲಿ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಠದ ಹಕ್ಕು ಕಾಯಲು ಆಡಿದ ಮಾತು ಬರಬರುತ್ತ ಭಕ್ತರನ್ನು ಅಳೆಯುವ ಕೋಲಾಯಿತು. ಉಡುಪಿಯಲ್ಲೇ ಎದ್ದ ಹಿಜಾಬ್ ವಿವಾದದಲ್ಲಿ ಸರ್ಕಾರ 2022ರ ಫೆಬ್ರುವರಿ 5ರಂದು ಸಮವಸ್ತ್ರದ ಆದೇಶ ಹೊರಡಿಸಿತು. ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಹೇಮಂತ್ ಗುಪ್ತ ಮೇಲ್ಮನವಿಗಳನ್ನು ವಜಾ ಮಾಡಿದರು. ಸುಧಾಂಶು ಧುಲಿಯ ಅತ್ಯಗತ್ಯತೆಯ ಚರ್ಚೆಯೇ ಇಲ್ಲಿ ಬೇಕಿರಲಿಲ್ಲ ಎಂದು ಬದಿಗಿಟ್ಟು, ಇದು ಹುಡುಗಿಯ ಆಯ್ಕೆಯ ಮಾತು, ಅವಳ ಓದು ನಿಲ್ಲಬಾರದು ಎಂದು ಬರೆದರು.